ಕ್ಯಾರಲ್ಟನ್ ಗ್ಯಾರೇಜಿನ ಹದಿನಾರು ಗೇಣು

ಈ ಸಲದ ಬೇಸಿಗೆಯಲ್ಲಿ ಉತ್ತರ ಟೆಕ್ಸಾಸ್ ಎದುರಿಸಿದ ಗಂಭೀರ ಸಮಸ್ಯೆಗಳ ಪೈಕಿ ಒಂದು, ಹೆಂಗಸರ ಕೋಟೊಂದರ ಎರಡು ತೋಳುಗಳದ್ದು. ಕೆರೆಗಳ ನೀರು ಇಳಿದದ್ದು, ಕರೆಂಟಿನ ತಂತಿಗಳು ಸೆಕೆಯನ್ನು ತಾಳಿಕೊಳ್ಳುತ್ತವೋ ಇಲ್ಲವೋ ಎಂಬ ಚರ್ಚೆ, ಪ್ಲೇನೋ ಕಡೆಯ ಹೆದ್ದಾರಿಯಲ್ಲಿ ಮತ್ತೊಂದು ಲೇನು ಮುಚ್ಚಿದ್ದು, ಇವುಗಳ ಬಗ್ಗೆ ಟಿವಿಯವರು ಬೇಕಾದಷ್ಟು ಮಾತಾಡಿದ್ದಾರೆ. ತೋಳುಗಳ ಬಗ್ಗೆ ಯಾರೂ ತುಟಿ ಬಿಚ್ಚಿಲ್ಲ. ಆ ಕೊರತೆಯನ್ನು ತುಂಬುವುದಷ್ಟೇ ಈ ಬರಹದ ಉದ್ದೇಶ.

ಬೆಳಗಿನ ಐದು ಗಂಟೆ. ಕ್ಯಾರಲ್ಟನ್ನಿನ ಹಳೆಯ ಬಡಾವಣೆಯೊಂದರ ಹಿಂದಿನ ಓಣಿ. ಇಲ್ಲಿ ಮನೆಗಳು ಬೀದಿಗೆ ಮುಖ ತೋರಿಸಿ, ಕಾರುಗಳನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುತ್ತವೆ. ಬೇಲಿಯ ಆಚೆಯ ಮನೆಯಿಂದ ಬಸಲಿಂಗಪ್ಪ ಉಳ್ಳಾಗಡ್ಡಿ ಹೊರಬೀಳುತ್ತಾರೆ. ಮೈಗೆ ಬನಿಯನ್ನು, ಲುಂಗಿ, ಕೈಯಲ್ಲಿ ಚಹಾದ ಥರ್ಮಾಸು. ಹೂಕುಂಡದ ಕೆಳಗಿನ ಕೀಲಿ ತೆಗೆದು ಎದುರು ಮನೆಯ ಗ್ಯಾರೇಜಿನ ಬಾಗಿಲನ್ನು ಸದ್ದಾಗದಂತೆ ಎತ್ತುತ್ತಾರೆ. ಒಳಗೆ ಕಾರಿಲ್ಲ. ಕಾರಿನ ಜಾಗದಲ್ಲಿ ಎರಕದ ಕಬ್ಬಿಣದ ಒಂದು ಕಾಲಮಗ್ಗ ನಿಂತಿದೆ. ಎತ್ತರ ಆಳುದ್ದ, ಬಣ್ಣ ಒಂದು ಕಾಲಕ್ಕೆ ಹಸಿರು. ಬಸಲಿಂಗಪ್ಪ ಚಪ್ಪಲಿ ಬಿಟ್ಟು ಅದರ ಚೌಕಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹಲಗೆಯ ಮೇಲೆ ಕೂರುತ್ತಾರೆ. ಎಡಗಾಲು, ಬಲಗಾಲು. ನೂಲು ಹೊತ್ತ ಲಾಳಿ ಅತ್ತಿಂದಿತ್ತ ಓಡುತ್ತದೆ. ಮೂರನೆಯ ಓಟಕ್ಕೆ ನೂಲು ಹರಿಯುತ್ತದೆ. ಅವರು ನಿಟ್ಟುಸಿರಿಡುವುದಿಲ್ಲ. ಎಂಜಲು ಹಚ್ಚಿ ಗಂಟು ಹಾಕುತ್ತಾರೆ. ಎಡಗಾಲು, ಬಲಗಾಲು.

"ಐವತ್ತ ವರ್ಷದ ನೂಲರಿ ಇದು," ಅನ್ನುತ್ತಾರೆ ತಿರುಗಿ ನೋಡದೆ. "ನಂಗೂ ಐವತ್ತೇಳು. ನಾ ಇದರ ಮ್ಯಾಲ ಸಿಟ್ಟಿಗೆ ಬಂದ್ರ, ಇದೂ ನನ್ನ ಮ್ಯಾಲ ಬರೂದು ನ್ಯಾಯ ಅಲ್ಲೇನು?"

ಆರೂಕಾಲಿಗೆ ಅವರು ಏಳಬೇಕು. ಏಳಕ್ಕೆ ಅಂಗಡಿ. ಅಷ್ಟರಲ್ಲಿ ದಿನದ ಲೆಕ್ಕ ಒಂದು ಗೇಣು ಬಟ್ಟೆ, ಇಪ್ಪತ್ತು ಮೂವತ್ತು ಗಂಟು. ಮಗ್ಗ ಹದದಲ್ಲಿದ್ದರೆ, ನೂಲು ಹೊಸದಿದ್ದರೆ, ಇದೇ ಹೊತ್ತಿನಲ್ಲಿ ಎರಡು ಮೊಳ ಆಗಬೇಕಿತ್ತು. ಹಾಗೆಂದು ಅವರೇ ಹೇಳುತ್ತಾರೆ, ಬೇರೆಯವರ ಮಗನ ಮಾರ್ಕ್ಸ್ ಹೇಳುವ ಧ್ವನಿಯಲ್ಲಿ.

ಬಸಲಿಂಗಪ್ಪನವರು ಬನಹಟ್ಟಿಯ ನೇಕಾರರು. ಅಪ್ಪ ಚನ್ನಬಸಪ್ಪನ ಮನೆಯಲ್ಲಿ ನಾಲ್ಕು ಮಗ್ಗ ಇದ್ದವು. ಹನ್ನೆರಡು ವರ್ಷದ ಹಿಂದೆ, ಅಕ್ಕ ಹಾಕಿದ್ದ ಅರ್ಜಿಯೊಂದು ಹದಿನಾಲ್ಕು ವರ್ಷ ಎಲ್ಲೆಲ್ಲೋ ನಿದ್ದೆ ಮಾಡಿ ಎದ್ದು ಬಂದು, ಇವರನ್ನೂ ಹೆಂಡತಿ ಈರವ್ವನನ್ನೂ ಮಗಳು ಸಮೀಕ್ಷಾಳನ್ನೂ ಟೆಕ್ಸಾಸಿಗೆ ಎತ್ತಿ ತಂದಿತು. ಅಂದಿನಿಂದ ಕ್ಯಾರಲ್ಟನ್ನಿನ ಒಂದು ಭಾರತೀಯ ದಿನಸಿ ಅಂಗಡಿಯಲ್ಲಿ ಕೆಲಸ. ವಾರಕ್ಕೆ ಆರು ದಿನ. ದಿನಕ್ಕೆ ನಲವತ್ತು ಚೀಲ ಈರುಳ್ಳಿ ಇಳಿಸುವುದು, ಕೊತ್ತಂಬರಿಗೆ ನೀರು ಚಿಮುಕಿಸುವುದು, ಬೆಂಡೆಕಾಯಿಯ ತುದಿ ಮುರಿದು ನೋಡುವ ಗಿರಾಕಿಗಳನ್ನು ನೋಡಿಯೂ ನೋಡದಂತೆ ಇರುವುದು. ಉಳ್ಳಾಗಡ್ಡಿ ಅಡ್ಡಹೆಸರಿನವರಿಗೇ ಈರುಳ್ಳಿ ವಿಭಾಗ ಸಿಕ್ಕಿದ್ದರಲ್ಲಿ ಅಂಗಡಿಯ ಮಾಲೀಕ ತಿರುಮಲ ಅವರ ಕೈವಾಡ ಇಲ್ಲ. ತಿರುಮಲ ಮೈಸೂರಿನವರು, ಉಳ್ಳಾಗಡ್ಡಿ ಎಂದರೆ ಈರುಳ್ಳಿ ಎಂದು ಅವರಿಗೆ ಗೊತ್ತಾದದ್ದೇ ಎರಡು ವರ್ಷದ ಮೇಲೆ.

ಮಗ್ಗ ಬಿಟ್ಟರೂ ಕಾಲು ಬಿಟ್ಟಿರಲಿಲ್ಲ ಎಂಬುದಕ್ಕೆ ಈರವ್ವ ಸಾಕ್ಷಿ. "ಊಟಕ್ಕ ಕುಂತ್ರ ಮೇಜಿನ ಬುಡಕ ಎಡಾ ಬಲಾ ಎಡಾ ಬಲಾ ನಡದಿರ್ತೈತ್ರಿ. ಸಾರು ತುಳುಕ್ತೈತಿ. ಹನ್ನೆರಡ ವರ್ಷ ಆತು, ನಮ್ಮನ್ಯಾಗ ತುಂಬ ಬಟ್ಟಲ ಸಾರು ಯಾರೂ ಉಂಡಿಲ್ಲ."

ಮಗ್ಗದ ಒಡತಿ ಡೊಲಿನಾ ಮೊರಿಸನ್. ವಯಸ್ಸು ಎಂಬತ್ತಾರು, ಮಂಡಿ ಎರಡೂ ಲೋಹದವು, ಕಿವಿ ಸ್ವಲ್ಪ ಮಂದ, ಬಾಯಿ ಸ್ವಲ್ಪವೂ ಅಲ್ಲ. ಹುಟ್ಟಿದ್ದು ಸ್ಕಾಟ್ಲೆಂಡಿನ ವಾಯವ್ಯಕ್ಕೆ, ಅಟ್ಲಾಂಟಿಕ್ಕಿನಲ್ಲಿ ಸರಪಳಿ ಹರಿದು ಚೆಲ್ಲಿದಂತೆ ಬಿದ್ದಿರುವ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲಿ. ಅವುಗಳಲ್ಲಿ ದೊಡ್ಡದು ಲೂಯಿಸ್ ಮತ್ತು ಹ್ಯಾರಿಸ್. ಇವು ಎರಡು ದ್ವೀಪಗಳೆಂದು ಹೆಸರು. ನಿಜಕ್ಕೂ ಒಂದೇ ನೆಲ. ನಡುವೆ ಸಮುದ್ರ ಇಲ್ಲದಿದ್ದರೂ ತಾವು ಬೇರೆ ಅವರು ಬೇರೆ ಎಂದು ಎರಡೂ ಕಡೆಯವರ ವಾದ. ಒಂದಕ್ಕೊಂದು ಅಂಟಿಕೊಂಡೇ ಇರುವ ರಬಕವಿ-ಬನಹಟ್ಟಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬಸಲಿಂಗಪ್ಪನವರಿಗೂ ಹೇಳಬೇಕಾಗಲಿಲ್ಲ.

ಅಲ್ಲಿನ ಮಾತು ಗೇಲಿಕ್. ಡೊಲಿನಾ ಶಾಲೆಗೆ ಹೋಗುವವರೆಗೆ ಇಂಗ್ಲಿಷಿನ ಒಂದು ಪದ ಕೇಳಿದವರಲ್ಲ. ಶಾಲೆಗೆ ಹೋದ ಮೇಲೆ ಗೇಲಿಕ್ಕಿನ ಒಂದು ಪದ ಆಡಿದರೂ ಅಂಗೈಗೆ ಪಟ್ಟಿಯ ಏಟು. ಅವರ ಮುತ್ತಜ್ಜನ ಕಾಲದಲ್ಲಿ ಜಮೀನುದಾರರು ಕುರಿ ಮೇಯಿಸಲಿಕ್ಕೆಂದು ಜನರನ್ನು ಒಕ್ಕಲೆಬ್ಬಿಸಿ ಕೆನಡಾದ ಹಡಗು ಹತ್ತಿಸಿದರು. ಉಳಿದವರು ಅದೇ ಕುರಿಯ ಉಣ್ಣೆ ಕತ್ತರಿಸಿ, ನೂತು, ನೇಯ್ದು ಬದುಕಿಕೊಂಡರು. ಮನೆಯ ಮಗ್ಗ ಮನೆಯಲ್ಲೇ, ಹಿತ್ತಿಲ ಕೊಟ್ಟಿಗೆಯಲ್ಲಿ. ಆ ಬಟ್ಟೆ ಈಗ ಲೋಕಪ್ರಸಿದ್ಧ. ಅದಕ್ಕೊಂದು ಕಾನೂನೇ ಇದೆ: ದ್ವೀಪದಲ್ಲಿ, ದ್ವೀಪದವರ ಮನೆಯಲ್ಲಿ, ಕೈಯಿಂದ ಕಾಲಿಂದ ನೇಯ್ದದ್ದಕ್ಕೆ ಮಾತ್ರ ಹ್ಯಾರಿಸ್ ಟ್ವೀಡ್ ಎಂಬ ಹೆಸರು. ಕ್ಯಾರಲ್ಟನ್ನಿನ ಗ್ಯಾರೇಜಿನಲ್ಲಿ ಬನಹಟ್ಟಿಯವರೊಬ್ಬರು ನೇಯ್ದದ್ದಕ್ಕೆ ಯಾವ ಹೆಸರೂ ಇಲ್ಲ.

ಇವರಿಬ್ಬರ ಪರಿಚಯ ಆದದ್ದು ಮೇ ತಿಂಗಳ ಒಂದು ಶನಿವಾರ, ಡೊಲಿನಾ ಹಳೆಯ ಸಾಮಾನು ಮಾರಾಟಕ್ಕಿಟ್ಟ ಗ್ಯಾರೇಜ್ ಸೇಲಿನಲ್ಲಿ. ಗಂಡ ತೀರಿಕೊಂಡ ಮೇಲೆ ಡೊಲಿನಾ ಮನೆ ಮಾರಿ, ಹ್ಯೂಸ್ಟನ್ನಿನ ಕ್ಲಿಯರ್ ಲೇಕಿನಲ್ಲಿರುವ ತಂಗಿಯ ಮಗಳ ಮನೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ಮಗ್ಗಕ್ಕೆ ಅಲ್ಲಿ ಜಾಗವಿಲ್ಲ. ಆಸ್ಟಿನ್ನಿನ ಒಂದು ಹೋಟೆಲಿನವರು ಬಂದು ನೋಡಿ, ತಮ್ಮ ಬಾಗಿಲ ಬಳಿ ಅಲಂಕಾರಕ್ಕೆ ಚೆನ್ನಾಗಿರುತ್ತದೆ ಎಂದು ಕೊಳ್ಳಲು ಒಪ್ಪಿದ್ದರು. ಈರವ್ವ ಕುಕ್ಕರಿನ ಮುಚ್ಚಳ ಹುಡುಕುತ್ತಿದ್ದಾಗ ಬಸಲಿಂಗಪ್ಪ ಕ್ರಿಸ್‌ಮಸ್ ದೀಪಗಳ ಡಬ್ಬಿಗಳ ಹಿಂದೆ ಕಬ್ಬಿಣದ ಕಾಲೊಂದನ್ನು ಕಂಡರು. ಡಬ್ಬಿಗಳನ್ನು ಒಂದೊಂದಾಗಿ ಇಳಿಸಿದರು. ಮಗ್ಗದ ಅಡಿಗೆ ಕೈ ಹಾಕಿ ಎಲ್ಲೋ ಏನೋ ಒತ್ತಿದರು. ಐವತ್ತು ವರ್ಷ ಸುಮ್ಮನಿದ್ದದ್ದು 'ಕಟ್' ಎಂದಿತು.

ಕುರ್ಚಿಯಲ್ಲಿ ಕೂತಿದ್ದ ಡೊಲಿನಾ ಅಭ್ಯಾಸಬಲದಿಂದ ತಮ್ಮ ಭಾಷೆಯಲ್ಲೇ ಕೇಳಿದರು: "ಕೋ ಲೆಶ್ ಊ?" ಆಮೇಲೆ ಇಂಗ್ಲಿಷಿನಲ್ಲಿ: "ಯಾರ ಕಡೆಯವನು ನೀನು?"

ಟೆಕ್ಸಾಸಿನಲ್ಲಿ ಈ ಪ್ರಶ್ನೆ ಕೇಳಿದರೆ ಜನ ತಮ್ಮ ಕಂಪನಿಯ ಹೆಸರು ಹೇಳುತ್ತಾರೆ. ಬಸಲಿಂಗಪ್ಪ ತಮ್ಮ ಅಂಗಡಿ ಇಂಗ್ಲಿಷಿನಲ್ಲಿ, ಚನ್ನಬಸಪ್ಪನ ಮಗ, ಬನಹಟ್ಟಿ, ನಾಲ್ಕು ಮಗ್ಗ ಎಂದರು.

"ಈ ದೇಶಕ್ಕೆ ಬಂದು ಐವತ್ತು ವರ್ಷ ಆಯ್ತು," ಅನ್ನುತ್ತಾರೆ ಡೊಲಿನಾ. "ಸರಿಯಾಗಿ ಉತ್ತರ ಕೊಟ್ಟವನು ಇವನೊಬ್ಬನೇ."

ಆಮೇಲೆ ಗೊತ್ತಾದದ್ದು: ಅವರ ಊರಿನಲ್ಲಿ ಅರ್ಧಕ್ಕರ್ಧ ಜನ ಮೊರಿಸನ್‌ಗಳೇ ಆದ್ದರಿಂದ ಮನೆಮನೆಗೂ ಅಡ್ಡಹೆಸರು. ಡೊಲಿನಾ ಅವರದ್ದು ಹೆರಿಂಗ್ ಮೀನಿನ ಮನೆತನ. "ಮೀನು, ಈರುಳ್ಳಿ. ಇಬ್ಬರೂ ಸೇರಿದ್ರೆ ಒಂದು ಒಳ್ಳೇ ಸಾರಾಗುತ್ತೆ," ಎಂದರು ಡೊಲಿನಾ. ತಾವು ಮೀನು ಮುಟ್ಟುವವರಲ್ಲವೆಂದು ಬಸಲಿಂಗಪ್ಪ ಗಂಭೀರವಾಗಿ ತಿಳಿಸಿದರು.

ನೂಲಿನ ಸಂಗತಿ ಹೊರಬಂದದ್ದು ಜೂನಿನಲ್ಲಿ. ಒಂದು ಟ್ರಂಕಿನ ತಳದಲ್ಲಿ, ನುಸಿಗುಳಿಗೆಗಳ ನಡುವೆ, ಕೆಂಗಂದು ಬಣ್ಣದ ಉಣ್ಣೆಯ ಲಡಿಗಳು. ಡೊಲಿನಾ ಅವರ ಅಪ್ಪನ ಕುರಿಗಳದ್ದು, ಅಮ್ಮ ನೂತದ್ದು. ಬಂಡೆಯ ಮೇಲೆ ಬೆಳೆಯುವ ಪಾಚಿಯಂಥದ್ದನ್ನು ಚಮಚದಿಂದ ಕೆರೆದು, ಕಡಾಯಿಯಲ್ಲಿ ಉಣ್ಣೆಯ ಜೊತೆ ಕುದಿಸಿ ಬರಿಸಿದ ಬಣ್ಣ. ಮರುದಿನ ಬಸಲಿಂಗಪ್ಪ ಅಂಗಡಿಯ ಮಸಾಲೆ ಸಾಲಿನಿಂದ ಒಂದು ಪೊಟ್ಟಣ ಕಲ್ಲುಹೂವು ತಂದು ಅವರ ಮುಂದಿಟ್ಟರು. ಡೊಲಿನಾ ಅದನ್ನು ಮೂಸಿ, ನೂಲಿನ ಲಡಿಯನ್ನೂ ಮೂಸಿ ನೋಡಿದರು.

"ಇದನ್ನ ನೀವು ತಿನ್ತೀರಾ?" ಎಂದರು.

"ಮಟನ್ ಸಾರಿಗೆ ಹಾಕ್ತಾರ್ರಿ. ನಾವಲ್ಲ. ನಾವು ಮಸಾಲಿ ಖಾರಕ್ಕ."

ಈ ನೂಲು ಇಷ್ಟು ವರ್ಷ ಟ್ರಂಕಿನಲ್ಲಿ ಉಳಿದದ್ದಕ್ಕೂ ಒಂದು ಕಾರಣವಿದೆ. ಬಂಡೆಯಿಂದ ಬಂದದ್ದು ಬಂಡೆಗೇ ಮರಳುತ್ತದೆ ಎಂದು ದ್ವೀಪದ ಬೆಸ್ತರ ನಂಬಿಕೆ. ಆ ಬಣ್ಣ ತೊಟ್ಟು ಕಡಲಿಗಿಳಿದರೆ ಮುಳುಗುತ್ತಾರೆ. ಡೊಲಿನಾ ಅವರ ಗಂಡ ಹಡಗಿನ ಎಂಜಿನಿಯರು. ಅವರಿಗಾಗಿ ಅದನ್ನು ನೇಯುವಂತಿರಲಿಲ್ಲ. ಅವರು ಹಡಗು ಬಿಟ್ಟು ಹ್ಯೂಸ್ಟನ್ನಿನ ತೈಲ ಕಂಪನಿ ಸೇರಿದಾಗ ಮಗ್ಗವೇನೋ ಕಡಲ ಮೇಲೆ ಬಂತು, ಆದರೆ ಹ್ಯೂಸ್ಟನ್ನಿನ ಸೆಕೆಯಲ್ಲಿ, ಆಮೇಲೆ ಕ್ಯಾರಲ್ಟನ್ನಿನ ಸೆಕೆಯಲ್ಲಿ, ಉಣ್ಣೆಯ ಕೋಟಿನ ಮಾತೆತ್ತುವ ಧೈರ್ಯ ಯಾರಿಗೂ ಆಗಲಿಲ್ಲ. ಈಗ ಡೊಲಿನಾ ಅವರಿಗೆ ಬೇಕಿರುವುದು ತಮಗೊಂದು ಕೋಟು. ಅಪ್ಪನ ಕುರಿ, ಅಮ್ಮನ ನೂಲು, ತಮ್ಮ ಮಗ್ಗ. ಮಗ್ಗ ಆಸ್ಟಿನ್ನಿಗೆ ಹೋಗುವ ಮುಂಚೆ.

"ಟೆಕ್ಸಾಸಿನಲ್ಲಿ ಇಂಥ ಕೋಟು ಎರಡು ಕಡೆ ಹಾಕ್ಕೊಬಹುದು," ಅನ್ನುತ್ತಾರೆ. "ಏಸಿ ಇರೋ ಚರ್ಚಿನಲ್ಲಿ, ಇಲ್ಲಾಂದ್ರೆ ಶವಪೆಟ್ಟಿಗೆಯಲ್ಲಿ. ನಾನು ಎರಡಕ್ಕೂ ತಯಾರಿದ್ದೀನಿ."

ಪ್ಲೇನೋದಲ್ಲಿ ಮನೆಯಲ್ಲೇ ಬ್ಲೌಸು ಹೊಲಿಯುವ ನಾಗಮಣಿ ಬಂದು ಅಳತೆ ತೆಗೆದುಕೊಂಡರು. "ಮೊಳದಗಲದ ಬಟ್ಟೆ ಅಂತೀರಿ, ಆಂಟಿಗೆ ಉದ್ದ ತೋಳು ಬೇಕು ಅಂತೀರಿ. ನಾಲ್ಕು ಗಜ ಬೇಕೇ ಬೇಕು. ಒಂದಿಂಚು ಕಮ್ಮಿಯಾದ್ರೂ ನನ್ನ ಬೈಬೇಡಿ," ಎಂದರು. ಅವರು ಮೊಳದಗಲ ಎಂದದ್ದು ಮಾತಿನ ಭರಕ್ಕೆ. ಮಗ್ಗದ ಅಗಲ ಸರಿಯಾಗಿ ಅಳೆದರೆ ಅದಕ್ಕಿಂತ ಗೇಣಿಗೂ ಹೆಚ್ಚಿದೆ. ನಾಲ್ಕು ಗಜ ಮಾತ್ರ ನಿಜ. ಬಸಲಿಂಗಪ್ಪ ಅದನ್ನು ಹದಿನಾರು ಗೇಣು ಮಾಡಿಕೊಂಡರು.

ಎರಡು ತಿಂಗಳು ರಿಪೇರಿ. ತುಕ್ಕು ಕೆರೆದದ್ದು, ಸಿಕ್ಕದ ಬಿಡಿಭಾಗಕ್ಕೆ ಸೈಕಲ್ಲಿನ ಚೈನು ಕೂರಿಸಿದ್ದು, ಲಾಳಿ ಒದೆಯುವ ಪಟ್ಟಿಗೆ ತಿರುಮಲ ಅವರ ಹಳೆಯ ಸೊಂಟದ ಬೆಲ್ಟು ಬಳಸಿದ್ದು. "ಬಸಲಿಂಗಪ್ಪೋರೇ, ಪ್ಯಾಂಟು ಜಾರಿದ್ರೆ ನೀವೇ ಜವಾಬ್ದಾರಿ" ಎಂದು ತಿರುಮಲ ಎಚ್ಚರಿಸಿದ್ದರು. ಆಗಸ್ಟಿನ ಒಂದು ಸೋಮವಾರ ನೇಯ್ಗೆ ಶುರುವಾಯಿತು. ಮೂರು ವಾರ ಬಿಟ್ಟು ಇನ್ನೊಂದು ಸೋಮವಾರ, ಟ್ರಾಫಿಕ್ಕಿಗೆ ಮುಂಚೆ, ಬೆಳಗಿನ ನಾಲ್ಕಕ್ಕೇ ಆಸ್ಟಿನ್ನಿನ ಲಾರಿ ಬರುವುದೆಂದು ಗೊತ್ತಾಗಿತ್ತು.

ಮೊದಲ ದಿನವೇ ಡೊಲಿನಾ ಒಂದು ಕರಾರು ಹಾಕಿದ್ದರು. ಭಾನುವಾರ ಮಗ್ಗ ಮುಟ್ಟುವಂತಿಲ್ಲ. ಬಸಲಿಂಗಪ್ಪನವರಿಗೆ ವಾರದಲ್ಲಿ ರಜೆ ಇರುವ ದಿನ ಅದೊಂದೇ. ಆದರೆ ಡೊಲಿನಾ ಅವರ ದ್ವೀಪದಲ್ಲಿ ಭಾನುವಾರ ಬಟ್ಟೆ ಒಣಹಾಕುವಂತಿರಲಿಲ್ಲ, ಬಾವಿಯಿಂದ ನೀರು ಸೇದುವಂತಿರಲಿಲ್ಲ, ಮಕ್ಕಳ ಉಯ್ಯಾಲೆಗೂ ಸರಪಳಿ. ಶನಿವಾರ ಸಂಜೆಯೇ ಅವರ ಅಜ್ಜಿ ಹುಂಜವನ್ನು ಬುಟ್ಟಿಯಡಿ ಮುಚ್ಚಿಡುತ್ತಿದ್ದರಂತೆ, ಭಾನುವಾರ ಕೋಳಿಗಳ ಹಿಂದೆ ಹೋಗಬಾರದೆಂದು. ಆ ದಿನ ಊರಿಗೆ ಊರೇ ಚರ್ಚಿನಲ್ಲಿ. ಒಬ್ಬ ಒಂದು ಸಾಲು ಎತ್ತಿಕೊಡುತ್ತಾನೆ, ಉಳಿದವರೆಲ್ಲ ಅದನ್ನು ಅಲೆಯಂತೆ ಎಳೆದು ಹಾಡುತ್ತಾರೆ, ವಾದ್ಯವಿಲ್ಲ.

ಬಸಲಿಂಗಪ್ಪ ಎಲ್ಲವನ್ನೂ ಕೇಳಿ ತಲೆಯಾಡಿಸಿದರು. "ನಮ್ಮಲ್ಲೂ ಅಮಾಸಿ ದಿನ ಮಗ್ಗ ನಡಸಂಗಿಲ್ರಿ. ಅಂದು ಮಗ್ಗಕ್ಕ ಪೂಜಿ. ಅದೂ ದುಡೀತೈತಿ, ಅದಕ್ಕೂ ಒಂದ ದಿನ ಬೇಕಲ್ಲ." ಆ ಮಾತು ಅಲ್ಲಿಗೆ ಬಿಟ್ಟರು. ಕ್ಯಾಲೆಂಡರ್ ಯಾರೂ ನೋಡಲಿಲ್ಲ.

ಹದಿನೇಳು ಬೆಳಗು ನೇಯ್ದರು. ಒಂದು ಬೆಳಗು ಬೆಲ್ಟಿನ ಪಟ್ಟಿ ಹರಿದು ವ್ಯರ್ಥವಾಯಿತು. ಉಳಿದ ಹದಿನಾರಕ್ಕೆ ಹದಿನಾರು ಗೇಣು. ಕೊನೆಯ ಶುಕ್ರವಾರ ಆರು ಗಂಟೆಗೆ ಬಸಲಿಂಗಪ್ಪ ಬೆರಳು ಚಾಚಿ ಚಾಚಿ ಅಳೆದು, "ಆತ್ರಿ ಅಮ್ಮ, ನಾಕು ಗಜ" ಎಂದರು. ಡೊಲಿನಾ ಊರುಗೋಲೂರಿಕೊಂಡು ಬಂದು, ಸುರುಳಿಯ ಮೇಲೆ ಕೈಯಾಡಿಸಿ, ಸಂತೋಷವಾಗಿ ಕೇಳಿದರು.

"ಒಗೆದ ಮೇಲೆ ಎಷ್ಟಾಗುತ್ತೆ?"

ಬಸಲಿಂಗಪ್ಪ ಚಾಚಿದ ಬೆರಳುಗಳನ್ನು ಮಡಚಿಕೊಂಡರು. ಮೂವತ್ತು ವರ್ಷ ಹತ್ತಿ ನೇಯ್ದ ಕೈ ಅದು. ಹತ್ತಿ ಒಗೆದರೆ ಬೆರಳಷ್ಟು ಎಳೆದುಕೊಳ್ಳುತ್ತದೆ, ಅಷ್ಟೇ. ಮಗ್ಗದಿಂದ ಇಳಿದ ಉಣ್ಣೆ ಹಾಗಲ್ಲ. ಅದನ್ನು ಬಿಸಿನೀರಲ್ಲಿ ನೆನೆಸಿ, ಮೇಜಿಗೆ ಬಡಿದು ಬಡಿದು ಹದಕ್ಕೆ ತರಬೇಕು, ಬಡಿದಂತೆ ಅದು ಗಟ್ಟಿಯಾಗಿ ಕುಗ್ಗುತ್ತದೆ. ನೇಕಾರನಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ ಎಂದುಕೊಂಡು ಡೊಲಿನಾ ಹೇಳಿರಲಿಲ್ಲ. ಹೇಳುವಂಥದ್ದಿದ್ದರೆ ಅವರೇ ಹೇಳುತ್ತಿದ್ದರಲ್ಲ ಎಂದುಕೊಂಡು ಬಸಲಿಂಗಪ್ಪ ಕೇಳಿರಲಿಲ್ಲ. ಇಬ್ಬರೂ ಕಸುಬಿನವರು, ಕಸುಬಿಲ್ಲದವರಾಗಿದ್ದರೆ ಕೇಳಿಕೊಳ್ಳುತ್ತಿದ್ದರು.

"ನಮ್ಮಮ್ಮ ಎರಡು ಗೇಣು ಜಾಸ್ತಿ ನೇಯ್ತಿದ್ರು," ಎಂದರು ಡೊಲಿನಾ.

ಎರಡು ಗೇಣು. ಉದ್ದಕ್ಕೆ ಬಿಗಿದ ಹಾಸಿನ ನೂಲು ಮಗ್ಗದ ಮೇಲೆ ಇನ್ನೂ ಇತ್ತು. ಲಾರಿ ಬರುವ ಮುಂಚೆ ಎರಡು ಬೆಳಗೂ ಇದ್ದವು: ಶನಿವಾರ, ಭಾನುವಾರ. ಆಗ ಬಸಲಿಂಗಪ್ಪ ಮೆಲ್ಲಗೆ ಹೇಳಿದರು, "ನಾಳೆ ಅಮಾಸಿ ಐತ್ರಿ."

ಡೊಲಿನಾ ಗೋಡೆ ನೋಡುತ್ತ ಹೇಳಿದರು: ಭಾನುವಾರ ತಾವು ಒಂಬತ್ತೂವರೆಗೆ ಚರ್ಚಿಗೆ ಹೋದರೆ ಬರುವುದು ಒಂದಕ್ಕೆ, ಕೀಲಿ ಎಲ್ಲಿರುತ್ತದೆಂದು ಎಲ್ಲರಿಗೂ ಗೊತ್ತು, ತಮ್ಮ ಕಿವಿಯೂ ಮೊದಲೇ ಮಂದ. ಹೇಳಿ ಮುಗಿಸಿ, ಆ ಮಾತನ್ನು ಬೇರೆ ಯಾರೋ ಆಡಿದಂತೆ ಮುಖ ಮಾಡಿಕೊಂಡು ಒಳಗೆ ಹೋದರು.

ಅಂದು ಅಂಗಡಿಯಲ್ಲಿ ಬಸಲಿಂಗಪ್ಪ ಆಲೂಗಡ್ಡೆಯ ಬುಟ್ಟಿಗೆ ಈರುಳ್ಳಿ ಸುರಿದರು. ವಿಷಯ ತಿಳಿದ ತಿರುಮಲ ಶಾಸ್ತ್ರ ಹೇಳಿದರು. "ಸಮುದ್ರ ದಾಟಿದ್ಮೇಲೆ ಅಮಾವಾಸ್ಯೆ ಏನ್ ಸಾರ್ ಲೆಕ್ಕ? ನಾನು ಈ ಅಂಗಡಿ ಓಪನ್ ಮಾಡಿದ್ದೇ ರಾಹುಕಾಲದಲ್ಲಿ. ಲೀಸ್ ಅವನು ಆಗಲೇ ಸೈನ್ ಮಾಡು ಅಂದ."

"ಅದಕ್ಕ ಅಲ್ರೀ ಫ್ರಿಜ್ಜು ತಿಂಗಳಿಗೊಮ್ಮೆ ಕೆಡೂದು," ಎಂದರು ಬಸಲಿಂಗಪ್ಪ.

ಮನೆಯಲ್ಲಿ ಸಂಜೆ ಮತ್ತೊಂದು ಸುತ್ತು. ಸಮೀಕ್ಷಾ, ಡಲ್ಲಾಸಿನ ಕಾಲೇಜೊಂದರಲ್ಲಿ ನರ್ಸಿಂಗ್ ಓದುವವಳು, ಫೋನಿನಲ್ಲಿ ಪಂಚಾಂಗ ತೆರೆದು, ಟೆಕ್ನಿಕಲೀ ನಾಳೆ ಬೆಳಗ್ಗೆ ಇಲ್ಲಿ ಐದಾದಾಗ ಇಂಡಿಯಾದಲ್ಲಿ ಮಧ್ಯಾಹ್ನ ಮೂರೂವರೆ, ಅಲ್ಲಿ ಅಮಾವಾಸ್ಯೆ ಮುಗಿದ ಹಾಗೇ ಲೆಕ್ಕ ಎಂದು ಇಂಗ್ಲಿಷಿನಲ್ಲಿ ವಾದಿಸಿದಳು.

"ಬನಹಟ್ಟ್ಯಾಗ ಮುಗದ್ರ ಬನಹಟ್ಟಿ ಮಗ್ಗಕ್ಕ ಮುಗೀತವ್ವಾ. ಈ ಮಗ್ಗ ಕ್ಯಾರಲ್ಟನ್ನಾಗ ಐತಿ."

"ಹಂಗಾರ ಆಯಿತವಾರ ನೇಯ್ರಿ," ಎಂದರು ಈರವ್ವ. "ಆಕೀನ ಹೇಳ್ಯಾಳಲ್ಲ, ಕಿವಿ ಕೇಳಸಂಗಿಲ್ಲಂತ."

ಬಸಲಿಂಗಪ್ಪ ರೊಟ್ಟಿ ಮುರಿದರು. ಮೇಜಿನ ಕೆಳಗೆ ಕಾಲು ಆಡುತ್ತಿರಲಿಲ್ಲ. ಅದನ್ನು ಈರವ್ವ ಗಮನಿಸಿದರು. "ಆಕಿ ಎಂಬತ್ತಾರ ವರ್ಷ ಹಿಡಕೊಂಡ ಬಂದದ್ದು ಅದು," ಎಂದರು ಬಸಲಿಂಗಪ್ಪ. "ನನ್ನ ಸಲುವಾಗಿ ಬಿಟ್ಟು, ಚರ್ಚಿನಾಗ ಕುಂತು ಇದನ್ನ ನೆನಸ್ಕೋತ ಹಾಡು ಹ್ಯಾಂಗ ಹಾಡ್ಯಾಳು? ನಂದು ಮುರದ್ರ ನನ್ನ ಮ್ಯಾಲ ಬರ್ತೈತಿ. ನಾಳೆ ಒಂದ ಗೇಣು ನೇಯ್ತೇನಿ."

"ಒಂದ ಗೇಣಿನ್ಯಾಗ ಒಂದ ತೋಳು ಆಕ್ಕೈತಿ," ಎಂದರು ಈರವ್ವ.

"ಒಂದರ ಆಗ್ಲಿ."

ಶನಿವಾರ ಬೆಳಗಿನ ಐದಕ್ಕೆ ಬಸಲಿಂಗಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಥರ್ಮಾಸಿಲ್ಲದೆ ಹೊರಟರು. ತಪ್ಪು ಮಾಡುವ ದಿನ ಚಹಾ ಬೇಡವೆನಿಸಿತು. ಹೂಕುಂಡದ ಕೆಳಗೆ ಕೀಲಿ ಇರಲಿಲ್ಲ. ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು, ಒಳಗೆ ದೀಪ ಉರಿಯುತ್ತಿತ್ತು. ಡೊಲಿನಾ ಮಗ್ಗದ ಹಲಗೆಯ ಮೇಲೆ ಕೂತಿದ್ದರು. ಮಡಿಲಲ್ಲಿ ಕತ್ತರಿ, ಪಕ್ಕದಲ್ಲಿ ಬಟ್ಟೆಯ ಸುರುಳಿ. ಮಗ್ಗದ ಮೇಲೆ ನೇಯದೆ ಉಳಿದ ಹಾಸಿನ ಎಳೆಗಳು ತುಂಡಾಗಿ ಕೆಳಗೆ ಜೋತುಬಿದ್ದಿದ್ದವು.

"ನೀನು ಬರ್ತೀಯ ಅಂತ ಗೊತ್ತಿತ್ತು," ಎಂದರು ಡೊಲಿನಾ. "ನಾಲ್ಕಕ್ಕೇ ಎದ್ದೆ."

ಬಸಲಿಂಗಪ್ಪ ನೇತಾಡುವ ಎಳೆಗಳನ್ನು ನೋಡಿದರು. ಅವುಗಳನ್ನು ಮತ್ತೆ ಜೋಡಿಸಲು ಎರಡು ದಿನವಲ್ಲ, ಎರಡು ವಾರ ಬೇಕು. ಡೊಲಿನಾ ಅವರಿಗೂ ಅದು ಗೊತ್ತಿತ್ತು.

"ತೋಳು ಬರಂಗಿಲ್ರಿ ಅಮ್ಮ."

"ಟೆಕ್ಸಾಸಿನಲ್ಲಿ ತೋಳು ಯಾರಿಗೆ ಬೇಕು? ಹೋಗು, ನಿನ್ನ ಪೂಜೆ ಮಾಡು."

ಅಂಗಡಿಗೆ ಹೋಗುವ ಮುಂಚೆ ಬಸಲಿಂಗಪ್ಪ ಮನೆಯಿಂದ ಅರಿಸಿನ, ಕುಂಕುಮ, ಒಂದು ದಾಸವಾಳ ತಂದು ಮಗ್ಗಕ್ಕೆ ಏರಿಸಿದರು. ಊದುಬತ್ತಿಯ ಹೊಗೆಗೆ ಗ್ಯಾರೇಜಿನ ಅಲಾರಾಂ ಕೂಗಿತು. ಡೊಲಿನಾ ಊರುಗೋಲಿನಿಂದ ಅದನ್ನು ಕುಟ್ಟಿ ಸುಮ್ಮನಿರಿಸಿದರು.

ಬಟ್ಟೆ ಬಡಿಯುವ ಕೆಲಸ ಅದೇ ದಿನ ಹತ್ತು ಗಂಟೆಗೆ, ಹೆಂಗಸರದ್ದೇ. ಮಡಚುವ ಪ್ಲಾಸ್ಟಿಕ್ ಮೇಜಿನ ಸುತ್ತ ಡೊಲಿನಾ, ಈರವ್ವ, ಸಮೀಕ್ಷಾ, ನಾಗಮಣಿ. ಹಿಂದಿನ ಕಾಲದಲ್ಲಿ ಇದಕ್ಕೆ ಮನೆಮಂದಿಯ ಮೂತ್ರ ಕೂಡಿಟ್ಟು ಬಳಸುತ್ತಿದ್ದರೆಂದು ಡೊಲಿನಾ ವಿವರಿಸಿದಾಗ ಸಮೀಕ್ಷಾ "ಈವ್" ಎಂದಳು. ಈರವ್ವ ಮಾತ್ರ, "ಆಕಳದ್ದಾಗಿದ್ರ ಅಂಗಡ್ಯಾಗ ಬಾಟ್ಲಿ ಸಿಗ್ತಿತ್ತು" ಎಂದರು. ಪಾತ್ರೆ ತೊಳೆಯುವ ಸೋಪು ಸಾಕಾಯಿತು. ನೆನೆದ ಬಟ್ಟೆಯನ್ನು ಎತ್ತಿ ಬಡಿದು ಪಕ್ಕದವರಿಗೆ ದಾಟಿಸಬೇಕು, ಸೂರ್ಯ ಸುತ್ತುವ ದಿಕ್ಕಿನಲ್ಲೇ. ತಿರುಗಾಮುರುಗಾ ಆದರೆ ಅಪಶಕುನ. ಪ್ರದಕ್ಷಿಣೆಯ ಬಗ್ಗೆ ಈ ಮೇಜಿನಲ್ಲಿ ಯಾರಿಗೂ ಪಾಠ ಬೇಕಾಗಲಿಲ್ಲ.

ಹೊತ್ತನ್ನು ಅಳೆಯುವುದು ಗಡಿಯಾರದಿಂದಲ್ಲ, ಹಾಡಿನಿಂದ. 'ಇನ್ನೆರಡು ಹಾಡಿನಷ್ಟು ಬಡಿಯಿರಿ' ಎಂದು ದ್ವೀಪದ ಹಿರಿಯರು ಹೇಳುತ್ತಿದ್ದರು. ಒಮ್ಮೆ ಹಾಡಿದ್ದನ್ನು ಅದೇ ಬಟ್ಟೆಗೆ ಮತ್ತೆ ಹಾಡುವಂತಿಲ್ಲ. ಡೊಲಿನಾ ಕಣ್ಣು ಮುಚ್ಚಿ ಗೇಲಿಕ್ಕಿನಲ್ಲಿ ಎತ್ತಿಕೊಂಡರು. ಉಳಿದವರು ಅರ್ಥವಾಗದ ಪಲ್ಲವಿಯನ್ನು ಬಡಿತಕ್ಕೆ ಹೊಂದಿಸಿ ಹೇಳಿದರು. ಏಳನೆಯ ಹಾಡು ಮುಗಿದಾಗ ಬಟ್ಟೆಗೆ ಇನ್ನೂ ಹದ ಬಂದಿರಲಿಲ್ಲ. ಡೊಲಿನಾ ಅವರಿಗೆ ಎಂಟನೆಯದು ನೆನಪಾಗಲಿಲ್ಲ. ಕೇಳೋಣವೆಂದರೆ ಆ ಭಾಷೆ ಬಲ್ಲವರು ಆ ರಸ್ತೆಯಲ್ಲಿ ಇನ್ನೊಬ್ಬರಿಲ್ಲ.

ಬಡಿತ ನಿಲ್ಲಿಸುವಂತಿಲ್ಲವಲ್ಲ. ಈರವ್ವ, ಮೂಗು ಒರೆಸಿಕೊಂಡು, ತಮ್ಮ ತವರಿನ ಬೀಸುವ ಪದವೊಂದನ್ನು ಹಿಡಿದರು. ಬೀಸುಕಲ್ಲಿನ ಗತಿಗೆ ಕಟ್ಟಿದ ಹಾಡು ಬಟ್ಟೆಯ ಬಡಿತಕ್ಕೆ ಮೊದಲು ಸ್ವಲ್ಪ ತಡವರಿಸಿ, ಎರಡನೆಯ ಸಾಲಿಗೆ ಕೂತುಕೊಂಡಿತು. ಎಂಟು, ಒಂಬತ್ತು ಅವರದ್ದೇ. ಒಂಬತ್ತಕ್ಕೆ ಡೊಲಿನಾ ಬಟ್ಟೆ ಹಿಚುಕಿ ನೋಡಿ "ಸಾಕು" ಎಂದರು.

ಭಾನುವಾರ ಯಾರೂ ಏನೂ ಮಾಡಲಿಲ್ಲ. ಡೊಲಿನಾ ಚರ್ಚಿಗೆ ಹೋಗಿ ಬಂದರು. ಕೀಲಿ ಹೂಕುಂಡದ ಕೆಳಗೇ ಇತ್ತು. ಸೋಮವಾರ ನಾಲ್ಕಕ್ಕೆ ಲಾರಿ ಬಂದು ಮಗ್ಗವನ್ನು ಆಸ್ಟಿನ್ನಿಗೆ ಒಯ್ದಿತು. ಮಧ್ಯಾಹ್ನ ತಂಗಿಯ ಮಗಳು ಬಂದು ಡೊಲಿನಾ ಅವರನ್ನು ಕ್ಲಿಯರ್ ಲೇಕಿಗೆ ಕರೆದೊಯ್ದಳು.

ಬಸಲಿಂಗಪ್ಪ ಈಗಲೂ ಐದಕ್ಕೇ ಏಳುತ್ತಾರೆ. ಚಹಾ ಕುಡಿದು ಏಳರವರೆಗೆ ಕಾಯುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಈರುಳ್ಳಿಯ ಸಿಪ್ಪೆ ಕೊಡವುತ್ತ ಯೋಚಿಸುತ್ತಾರೆ. "ಆ ಹೋಟೆಲಿನವ್ರು ಲಾಳಿ ಮೊಳಿಗೆ ನೇತು ಹಾಕಬಾರದ್ರಿ. ಅದರ ಜಾಗಾ ಬಲಕ್ಕ, ಪೆಟಗ್ಯಾಗ. ಒಂದ ಚೀಟಿ ಬರದು ಅಂಟಿಸೇನಿ. ಸಮೀಕ್ಷಾ ಇಂಗ್ಲಿಷಿನ್ಯಾಗ ಬರದಾಳ. ಓದ್ತಾರೋ ಇಲ್ಲೋ." ಸ್ವಲ್ಪ ತಡೆದು ಸೇರಿಸುತ್ತಾರೆ: "ಹದಿನಾರ ಗೇಣು ನೇಯ್ದೇನಿ. ಒಂದೂ ಗಂಟು ಮ್ಯಾಲ ಕಾಣಂಗಿಲ್ಲ. ಕೈಯಾಡಿಸಿ ನೋಡ್ರಿ ಬೇಕಾದ್ರ."

ಒಗೆದ ಬಟ್ಟೆ ಹದಿನಾಲ್ಕು ಗೇಣು ಬಂತು. ನಾಗಮಣಿ ಅದರಲ್ಲಿ ತೋಳಿಲ್ಲದ ಒಂದು ಜಾಕೀಟು ಹೊಲಿದು ಕ್ಲಿಯರ್ ಲೇಕಿಗೆ ಪಾರ್ಸೆಲ್ ಮಾಡಿದರು. ಅಳತೆ ಸರಿಯಾಗಿದೆ.